ಸುಲಿಪಲ್ಲೂ ಬಿಳಿಹಲ್ಲೂ

ಹಳಗನ್ನಡ ಕಾವ್ಯಗಳಲ್ಲಿ ಚೆಲುವಾದ ಹಲ್ಲನ್ನು ವರ್ಣಿಸುವಾಗ 'ಸುಲಿಪಲ್' ಎಂಬ ಮಾತು ಬರುವುದುಂಟು. ಪಾಠ ಹೇಳುವ ನಾವು ಅದಕ್ಕೆ 'ಬೆಳ್ಳಗೆ ಹೊಳೆಯುವ ಹಲ್ಲು' ಎಂದು ಅರ್ಥ ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತೇವೆ. ಅರ್ಥವೇನೋ ಸರಿಯೆ. ಆದರೆ ಮಾತನ್ನು ಬಿಡಿಸಿ ನೋಡಿದರೆ ಅದರೊಳಗೆ ಬಿಳುಪೆಂಬುದು ಎಲ್ಲಿಯೂ ಇಲ್ಲ. ಅವರೆಕಾಯಿಯನ್ನು ಸುಲಿಯುತ್ತೇವೆ, ತೆಂಗಿನಕಾಯಿಯನ್ನು ಸುಲಿಯುತ್ತೇವೆ. ಮೇಲೆ ಅಂಟಿಕೊಂಡದ್ದನ್ನು ತೆಗೆದು ಒಳಗಿನದನ್ನು ಬೆಳಕಿಗೆ ತರುವುದೇ ಸುಲಿಯುವುದು. ಹಾಗೆ ನೋಡಿದರೆ ಸುಲಿಪಲ್ಲೆಂದರೆ ಕೊಳೆಯನ್ನು ಕಳೆದುಕೊಂಡು ತನ್ನ ಸ್ವಂತ ಬಣ್ಣದಲ್ಲಿ ನಿಂತ ಹಲ್ಲು. ಆ ಸ್ವಂತ ಬಣ್ಣ ಯಾವುದು ಎಂಬ ಪ್ರಶ್ನೆಯನ್ನು ಆ ಮಾತು ಎತ್ತುವುದಿಲ್ಲ.

ಈ ಪ್ರಶ್ನೆಯನ್ನು ಈಗ ಎತ್ತಬೇಕಾಗಿ ಬಂದಿದೆ. ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ, ಈ ಎರಡು ಊರುಗಳಲ್ಲಿ ನಾನು ಕನ್ನಡ ಪಾಠ ಹೇಳಲು ತೊಡಗಿ ಹದಿನೆಂಟು ವರ್ಷಗಳಾದುವು. ಇತ್ತೀಚಿನ ವರ್ಷಗಳಲ್ಲಿ ವಿದ್ಯಾರ್ಥಿಗಳ ಮಾತಿನಲ್ಲಿ ಒಂದು ಶೀಸೆಯ ಪ್ರಸ್ತಾಪ ಮೇಲಿಂದ ಮೇಲೆ ಕಿವಿಗೆ ಬೀಳುತ್ತಿದೆ. ಔಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗಳಿಗೆ ಸಿಕ್ಕುವ, ಗಾಯ ತೊಳೆಯುವುದಕ್ಕೆಂದು ಮನೆಗಳಲ್ಲಿ ತಂದಿಡುವ ಹೈಡ್ರೋಜನ್ ಪೆರಾಕ್ಸೈಡ್ ಎಂಬ ದ್ರಾವಣದ ಶೀಸೆ ಅದು. ಅಡಿಗೆ ಸೋಡಾದೊಡನೆ ಅದನ್ನು ಕಲಸಿ ಉಜ್ಜಿದರೆ ಹಲ್ಲು ಮಲ್ಲಿಗೆಯಾಗುತ್ತದೆಯೆಂದು ಒಬ್ಬರು ಇನ್ನೊಬ್ಬರಿಗೆ ಹೇಳುತ್ತಾರೆ. ಸಂದರ್ಶನಕ್ಕೆ ಹೋಗುವ ಹುಡುಗ, ಹೆಣ್ಣು ನೋಡಲು ಬರುವರೆಂದು ತಿಳಿದ ಹುಡುಗಿ, ಇಬ್ಬರೂ ಇದನ್ನು ನಂಬುತ್ತಾರೆ. ರಸಾಯನಶಾಸ್ತ್ರ ನನ್ನ ವಿಷಯವಲ್ಲ. ಆದರೂ ಇದು ಮಕ್ಕಳ ಬಾಯಿಗೆ ಸಂಬಂಧಿಸಿದ ಸಂಗತಿಯಾದುದರಿಂದ ಓದಿಯೂ ಬಲ್ಲವರನ್ನು ಕೇಳಿಯೂ ತಿಳಿದುಕೊಂಡೆ. ತಿಳಿದದ್ದನ್ನು ಓದುಗರ ಮುಂದೆ ಇಡುತ್ತೇನೆ.

ಹಲ್ಲಿನ ವಿಚಾರವನ್ನು ಎತ್ತುವುದಕ್ಕೆ ನಂಜನಗೂಡಿಗಿಂತ ಯೋಗ್ಯವಾದ ಊರು ನಮ್ಮ ನಾಡಿನಲ್ಲಿ ಇನ್ನೊಂದಿಲ್ಲ. ಕಪಿಲೆಯ ದಡದ ಈ ಊರಿನ ಹೆಸರನ್ನು ಮನೆಮನೆಯ ಬಚ್ಚಲಿಗೆ ಮುಟ್ಟಿಸಿದವು ಎರಡಿಲ್ಲ, ಒಂದೇ: ನಂಜನಗೂಡು ಹಲ್ಲುಪುಡಿ. ಆಯುರ್ವೇದ ಪಂಡಿತರಾದ ಬಿ. ವಿ. ಪಂಡಿತರು 1913ರಲ್ಲಿ ಇಲ್ಲಿ ಸದ್ವೈದ್ಯಶಾಲೆಯನ್ನು ಸ್ಥಾಪಿಸಿದರು. ಅವರ ಹಲ್ಲುಪುಡಿ ಕೆಲವು ದಶಕಗಳಲ್ಲಿ ಊರಿನ ಮತ್ತೊಂದು ಗುರುತೇ ಆಯಿತು. ಶ್ರೀಕಂಠೇಶ್ವರನ ದರ್ಶನಕ್ಕೆ ಬಂದವರು ಊರಿಗೆ ಹಿಂದಿರುಗುವಾಗ ರಸಬಾಳೆಯ ಹಣ್ಣಿನ ಜೊತೆಗೆ ಈ ಪುಡಿಯ ಪೊಟ್ಟಣವನ್ನೂ ಗಂಟಿಗೆ ಸೇರಿಸಿಕೊಳ್ಳುತ್ತಿದ್ದ ಕಾಲವನ್ನು ನಮ್ಮ ಹಿರಿಯರು ಇನ್ನೂ ನೆನೆಯುತ್ತಾರೆ.

ಆ ಪುಡಿಯ ಮುಖ್ಯ ದ್ರವ್ಯ ಸುಟ್ಟ ಭತ್ತದ ಹೊಟ್ಟು. ಭತ್ತ ಕುಟ್ಟಿದಾಗ ತೂಕದಲ್ಲಿ ಸುಮಾರು ಐದನೆಯ ಒಂದು ಪಾಲು ಹೊಟ್ಟಾಗಿ ಹೋಗುತ್ತದೆ. ಕಾವೇರಿ ಕಪಿಲೆಗಳ ನಾಲೆಯ ಬಯಲಿನಲ್ಲಿ ಅದಕ್ಕೆ ಬರವೆಂಬುದಿಲ್ಲ. ಭತ್ತದ ಗಿಡಕ್ಕೆ ಒಂದು ವಿಶೇಷ ಗುಣವಿದೆ. ಮಣ್ಣಿನಲ್ಲಿರುವ ಸಿಲಿಕಾ ಎಂಬ ದ್ರವ್ಯವನ್ನು ಬೇರಿನಿಂದ ಹೀರಿ ಕಾಳಿನ ಸಿಪ್ಪೆಯಲ್ಲಿ ಕೂಡಿಡುತ್ತದೆ. ಹೊಟ್ಟನ್ನು ಪೂರ್ತಿಯಾಗಿ ಸುಟ್ಟರೆ ಉಳಿಯುವ ಬೂದಿಯಲ್ಲಿ ಬಹುಪಾಲು, ಸಾಮಾನ್ಯವಾಗಿ ಶೇಕಡಾ 85ಕ್ಕೂ ಮೇಲ್ಪಟ್ಟು, ಈ ಸಿಲಿಕಾವೇ. ಹೊಳೆಯ ಮರಳೂ ಅದೇ ದ್ರವ್ಯ. ಇಂದಿನ ಹಲ್ಲಿನ ಪೇಸ್ಟುಗಳಲ್ಲಿ ಉಜ್ಜುವ ಕೆಲಸಕ್ಕೆಂದು ನವುರಾಗಿ ತಯಾರಿಸಿ ಸೇರಿಸುವುದೂ ಸಿಲಿಕಾವನ್ನೇ. ಅದಕ್ಕೂ ಹಿಂದೆ ನಮ್ಮ ಜನ ಬೇವಿನ ಕಡ್ಡಿ, ಹೊಂಗೆಯ ಕಡ್ಡಿ, ಇದ್ದಲು, ಉಪ್ಪು, ಇಟ್ಟಿಗೆಯ ಪುಡಿಗಳಿಂದ ಹಲ್ಲುಜ್ಜುತ್ತಿದ್ದರು. ಸುಶ್ರುತಸಂಹಿತೆಯಂತೂ ಹಲ್ಲುಕಡ್ಡಿ ಹನ್ನೆರಡು ಅಂಗುಲ ಉದ್ದವಿರಬೇಕು, ಕಿರುಬೆರಳಿನಷ್ಟು ದಪ್ಪವಿರಬೇಕು ಎಂದು ಅಳತೆಯನ್ನೇ ಕೊಡುತ್ತದೆ.

ಈ ಎಲ್ಲ ಸಾಧನಗಳಿಗೂ ಒಂದು ಸಮಾನ ಗುಣವಿದೆ. ಇವು ಹಲ್ಲಿನ ಮೇಲೆ ಇರುವುದನ್ನು ತೆಗೆಯುತ್ತವೆ. ಒರಟಾದ ಪುಡಿಯಿಂದ ಬಲವಾಗಿ ಉಜ್ಜಿದರೆ ಹಲ್ಲೇ ಸವೆಯುವುದೆಂಬ ದೋಷ ಇವುಗಳಿಗೂ ಉಂಟು. ಇಟ್ಟಿಗೆಯ ಪುಡಿ, ಇದ್ದಲುಗಳಿಂದ ಹಲ್ಲಿನ ಬುಡ ಸವೆಸಿಕೊಂಡ ಅಜ್ಜ ಅಜ್ಜಿಯರನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಹಲ್ಲಿನ ಒಳಗಿನ ಬಣ್ಣವನ್ನು ಬದಲಾಯಿಸುತ್ತೇವೆಂದು ಇವು ಹೊರಡಲಿಲ್ಲ. ಸುಲಿಪಲ್ಲಿನ ದಾರಿ ಅಲ್ಲಿಗೆ ನಿಲ್ಲುತ್ತಿತ್ತು. ಶೀಸೆಯ ದಾರಿ ಅಲ್ಲಿಂದ ಮುಂದೆ ಹೋಗುತ್ತದೆ.

ಹೈಡ್ರೋಜನ್ ಪೆರಾಕ್ಸೈಡನ್ನು ಮೊದಲು ತಯಾರಿಸಿದವನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಲೂಯಿ ಥೆನಾರ್, ವರ್ಷ 1818. ನೀರಿನ ಅಣುವಿನಲ್ಲಿ ಎರಡು ಜಲಜನಕ, ಒಂದು ಆಮ್ಲಜನಕ. ಇದರಲ್ಲಿ ಎರಡು ಜಲಜನಕ, ಎರಡು ಆಮ್ಲಜನಕ. ಹೆಚ್ಚಾಗಿ ಬಂದ ಆ ಒಂದು ಆಮ್ಲಜನಕ ಸಮಯ ಸಿಕ್ಕಿದರೆ ಬಿಟ್ಟುಹೋಗಲು ಹವಣಿಸುತ್ತಿರುತ್ತದೆ. ಬೆಳಕು ತಾಗಿದರೂ ಹೋಗುತ್ತದೆ. ಅದಕ್ಕಾಗಿಯೇ ಬೆಳಕು ತೂರದ ಶೀಸೆ. ಗಾಯದ ಮೇಲೆ ಸುರಿದರೆ ರಕ್ತದಲ್ಲಿರುವ ಒಂದು ಕಿಣ್ವದ ಪ್ರಭಾವದಿಂದ ಒಡೆದು ನೊರೆಯಾಗಿ ಉಕ್ಕುತ್ತದೆ. ಹೀಗೆ ಬಿಡುಗಡೆಯಾದ ಆಮ್ಲಜನಕ ಬಣ್ಣದ ದೊಡ್ಡ ಅಣುಗಳನ್ನು ಒಡೆದು ಬಣ್ಣವಿಲ್ಲದ ಚಿಕ್ಕ ತುಣುಕುಗಳನ್ನಾಗಿ ಮಾಡುತ್ತದೆ. ಹತ್ತಿಯ ಬಟ್ಟೆ, ಕಾಗದದ ತಿರುಳು, ಮನುಷ್ಯರ ಕೂದಲು, ಇವನ್ನೆಲ್ಲ ಇದರಿಂದ ಬಿಳಿಚಿಸುವುದು ಈ ಗುಣದಿಂದಲೇ.

ಹಲ್ಲಿನ ಮೇಲೂ ಇದು ಕೆಲಸ ಮಾಡುತ್ತದೆಯೆಂಬುದು ಸುಳ್ಳಲ್ಲ. 1960ರ ದಶಕದ ಕೊನೆಯಲ್ಲಿ ಅಮೆರಿಕದ ಆರ್ಕನ್ಸಾ ರಾಜ್ಯದ ದಂತವೈದ್ಯನೊಬ್ಬ ಒಸಡಿನ ಬಾವು ಇಳಿಯಲೆಂದು ಕಾರ್ಬಮೈಡ್ ಪೆರಾಕ್ಸೈಡ್ ಔಷಧವನ್ನು ಹಲ್ಲಿನ ಅಚ್ಚಿನಲ್ಲಿ ತುಂಬಿ ರಾತ್ರಿ ಹಾಕಿಕೊಳ್ಳಲು ರೋಗಿಗಳಿಗೆ ಹೇಳಿದ. ಒಸಡು ವಾಸಿಯಾದುದರ ಜೊತೆಗೆ ಹಲ್ಲೂ ಬಿಳುಪಾದುದನ್ನು ಕಂಡ. 1989ರಲ್ಲಿ ಹೇವುಡ್ ಮತ್ತು ಹೈಮನ್ ಎಂಬ ಇಬ್ಬರು ದಂತವಿದ್ವಾಂಸರು ಈ ವಿಧಾನವನ್ನು ಕ್ರಮಬದ್ಧವಾಗಿ ಬರೆದು ಪ್ರಕಟಿಸಿದರು. ಅವರು ಬಳಸಿದ್ದು ಶೇಕಡಾ 10ರ ಕಾರ್ಬಮೈಡ್ ಪೆರಾಕ್ಸೈಡ್. ಅದರಿಂದ ಹೊರಡುವ ಹೈಡ್ರೋಜನ್ ಪೆರಾಕ್ಸೈಡು ಶೇಕಡಾ ಮೂರೂವರೆಯಷ್ಟು ಮಾತ್ರ. ಅದೂ ಪ್ರತಿಯೊಬ್ಬರ ಹಲ್ಲಿಗೆ ಅಳತೆ ತೆಗೆದು ಮಾಡಿದ ಅಚ್ಚಿನೊಳಗೆ, ಒಸಡಿಗೆ ಹರಿಯದಂತೆ, ವೈದ್ಯರ ಕಣ್ಣಿನ ಕೆಳಗೆ.

ಇಲ್ಲಿ ಅಳತೆಯ ಮಾತು ಬಂತು. ನಮ್ಮ ಎರಡೂ ಊರುಗಳು ಅಳತೆಯ ಪಾಠವನ್ನು ಬಹಳ ಹಿಂದೆಯೇ ಕಲಿಸಿವೆ. ನಂಜನಗೂಡಿನ ದೇವರು ನಂಜನ್ನು ಉಂಡವನು; ಆದರೆ ಹಾಲಾಹಲವನ್ನು ಕಂಠದಲ್ಲಿಯೇ ನಿಲ್ಲಿಸಿಕೊಂಡ, ಹೊಟ್ಟೆಗೆ ಇಳಿಯಗೊಡಲಿಲ್ಲ. ಟಿಪ್ಪು ಸುಲ್ತಾನನ ಆನೆಯ ಕಣ್ಣಿನ ಬೇನೆ ಈತನ ಅನುಗ್ರಹದಿಂದ ವಾಸಿಯಾಯಿತೆಂದೂ ಸುಲ್ತಾನನು 'ಹಕೀಮ ನಂಜುಂಡ' ಎಂದು ಕರೆದನೆಂದೂ ಐತಿಹ್ಯ. ನಂಜನ್ನು ಉಂಡವನೇ ವೈದ್ಯನೂ ಆದ. ಇತ್ತ ತಿರುಮಕೂಡಲಿನಲ್ಲಿ, ಕಾವೇರಿ ಕಪಿಲೆಗಳು ಸೇರುವಲ್ಲಿ, ಗುಂಜಾ ನರಸಿಂಹಸ್ವಾಮಿ ಬೆರಳ ತುದಿಯಲ್ಲಿ ಗುಲಗಂಜಿಯನ್ನು ಹಿಡಿದು ನಿಂತಿದ್ದಾನೆ. ಕಾಶಿಗಿಂತ ಈ ಕ್ಷೇತ್ರ ಒಂದು ಗುಲಗಂಜಿಯ ತೂಕ ಹೆಚ್ಚು ಎಂಬುದು ಅದರ ಅರ್ಥವಂತೆ. ಅಕ್ಕಸಾಲಿಗರು ಚಿನ್ನ ತೂಗುತ್ತಿದ್ದ ಗುಲಗಂಜಿ ಸ್ವತಃ ವಿಷಬೀಜವೆಂಬುದನ್ನೂ ಮರೆಯಬಾರದು.

ಔಷಧಿ ಅಂಗಡಿಯ ಶೀಸೆಯ ಮೇಲೆ '20 ವಾಲ್ಯೂಮ್' ಎಂದು ಬರೆದಿರುವುದು ಸಾಮಾನ್ಯ. ಒಂದು ಅಳತೆ ದ್ರಾವಣದಿಂದ ಇಪ್ಪತ್ತು ಅಳತೆ ಆಮ್ಲಜನಕ ಹೊರಡುತ್ತದೆಯೆಂದು ಅದರ ತಾತ್ಪರ್ಯ. ಅಂದರೆ ಅದು ಸುಮಾರು ಶೇಕಡಾ 6ರ ದ್ರಾವಣ. 10 ವಾಲ್ಯೂಮ್ ಎಂದರೆ ಶೇಕಡಾ 3. ಹೇವುಡ್ ಮತ್ತು ಹೈಮನ್ನರು ಬಳಸಿದ್ದಕ್ಕಿಂತ ಹೆಚ್ಚುಕಡಮೆ ಎರಡರಷ್ಟು ತೀಕ್ಷ್ಣವಾದುದನ್ನು ನಮ್ಮ ಮಕ್ಕಳು ಅಚ್ಚಿಲ್ಲದೆ, ಅಳತೆಯಿಲ್ಲದೆ, ಹತ್ತಿಯಲ್ಲಿ ಅದ್ದಿ ಹಚ್ಚಿಕೊಳ್ಳುತ್ತಿದ್ದಾರೆಂದಾಯಿತು. ಯೂರೋಪಿನ ಒಕ್ಕೂಟ 2011ರಲ್ಲಿ ಮಾಡಿ 2012ರಿಂದ ಜಾರಿಗೆ ತಂದ ನಿಯಮದ ಪ್ರಕಾರ ಅಂಗಡಿಯಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ಹಲ್ಲಿನ ಸರಕಿನಲ್ಲಿ ಪೆರಾಕ್ಸೈಡ್ ಶೇಕಡಾ 0.1ನ್ನು ಮೀರಕೂಡದು. ಅದರಿಂದ ಮೇಲಕ್ಕೆ ಶೇಕಡಾ 6ರವರೆಗಿನದನ್ನು ದಂತವೈದ್ಯರ ಮೂಲಕವೇ ಕೊಡಬೇಕು, ಮೊದಲ ಸಾರಿ ಅವರ ಎದುರಿನಲ್ಲಿಯೇ ಬಳಸಬೇಕು. 18 ವರ್ಷ ತುಂಬದವರಿಗೆ ಕೊಡಲೇಬಾರದು.

ಎರಡು ವರ್ಷಗಳ ಹಿಂದೆ ನರಸೀಪುರದ ಕಡೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬಳು ವಿದ್ಯಾರ್ಥಿನಿ ನನ್ನ ತರಗತಿಯಲ್ಲಿದ್ದಳು. ಹಳಗನ್ನಡ ಪದ್ಯವನ್ನು ಪದ ಒಡೆದು ಓದುವುದರಲ್ಲಿ ಅವಳ ಸಮಕ್ಕೆ ಬೇರೆ ಯಾರೂ ಇರಲಿಲ್ಲ. ಓದು ಮುಗಿದು ನಕ್ಕರೆ ಮಾತ್ರ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವಳು. ಒಂದು ವಾರ ಓದಲು ಏಳಲೇ ಇಲ್ಲ. "ಯಾಕಮ್ಮಾ, ಮೈಗೆ ಹುಷಾರಿಲ್ಲವೆ?" ಎಂದು ಕೇಳಿದೆ. ತರಗತಿ ಖಾಲಿಯಾದ ಮೇಲೆ ಗೆಳತಿಯೊಬ್ಬಳನ್ನು ಜೊತೆಗಿಟ್ಟುಕೊಂಡು ಬಂದು ಹೇಳಿದಳು: "ಸಾರ್, ನೋಡಕ್ಕೆ ಬಂದೋರು ಹುಡುಗಿ ಲಕ್ಷಣವಾಗವಳೆ, ಹಲ್ಲು ಮಾತ್ರ ಹಳದಿ ಅಂದ್ರಂತೆ. ಅದಕ್ಕೇ ಆ ಔಷ್ದಿ ಹಾಕ್ಕೊಂಡೆ. ಈಗ ತಣ್ಣೀರು ಕುಡಿಯಕ್ಕಾಗಲ್ಲ, ಗಾಳಿ ಸೋಕಿದ್ರೂ ಜುಮ್ಮಂತದೆ." ಹತ್ತು ರಾತ್ರಿ ಸತತವಾಗಿ ಹಚ್ಚಿದ್ದಳಂತೆ. ಒಸಡಿನ ಅಂಚು ಸುಣ್ಣ ಬಳಿದಂತೆ ಬಿಳಿಚಿಕೊಂಡಿತ್ತು.

ಮನೆಯವರಿಗೆ ಹೇಳಿ ಮೈಸೂರಿನ ದಂತವೈದ್ಯರೊಬ್ಬರಲ್ಲಿಗೆ ಹೋಗುವಂತೆ ಮಾಡಿದೆ. ವೈದ್ಯರು ಅವಳಿಗೆ ವಿವರಿಸಿದ್ದು ಹೀಗೆ: ಪೆರಾಕ್ಸೈಡಿನ ಅಣು ಬಹಳ ಚಿಕ್ಕದು, ಎನಾಮಲ್ ಎಂಬ ಹೊರಹೊದಿಕೆಯನ್ನೂ ಅದರ ಕೆಳಗಿನ ಡೆಂಟಿನ್ ಎಂಬ ಪದರವನ್ನೂ ದಾಟಿ ಕೆಲವೇ ನಿಮಿಷಗಳಲ್ಲಿ ನರವಿರುವ ಜೀವಭಾಗವನ್ನು ಮುಟ್ಟುತ್ತದೆ. ಜುಮ್ಮೆನ್ನುವುದು ಅದರಿಂದ. ಒಸಡು ಬಿಳಿಚಿದ್ದು ಸುಟ್ಟ ಗುರುತು. ನಿಲ್ಲಿಸಿದರೆ ಎರಡೂ ಸರಿಹೋಗುತ್ತವೆ. ಆ ಮೇಲೆ ಅವರು ಒಂದು ಪಟ್ಟಿಯನ್ನು ತೆಗೆದು ಅವಳ ಹಲ್ಲಿನ ಪಕ್ಕದಲ್ಲಿ ಹಿಡಿದು ತೋರಿಸಿದರಂತೆ. ಕಟ್ಟುಹಲ್ಲಿಗೆ ಬಣ್ಣ ಹೊಂದಿಸಲು ದಂತವೈದ್ಯರು ಬಹುಕಾಲದಿಂದ ಬಳಸುತ್ತ ಬಂದಿರುವ ಪಟ್ಟಿ ಅದು. ಮನುಷ್ಯರ ಸಹಜವಾದ ಹಲ್ಲಿನ ಬಣ್ಣಗಳನ್ನು ಅದರಲ್ಲಿ ಹದಿನಾರು ಛಾಯೆಗಳಾಗಿ ಜೋಡಿಸಿದೆ. ಹದಿನಾರರಲ್ಲಿ ಒಂದೂ ಕಾಗದದ ಬಿಳುಪಲ್ಲ. ಅವಳ ಹಲ್ಲು ಅವುಗಳ ನಡುವೆ ಎಲ್ಲಿಯೋ ಸುಖವಾಗಿ ಕುಳಿತಿತ್ತು. ಹುಳುಕಿಲ್ಲ, ಕೊಳೆಯಿಲ್ಲ, ರೋಗವಿಲ್ಲ. ಯಾರೋ ಕಾಫಿ ಕುಡಿದು ಹೋಗುವಾಗ ಆಡಿದ ಒಂದು ಮಾತಿಗಾಗಿ ಆ ಹುಡುಗಿ ಹತ್ತು ರಾತ್ರಿ ತನ್ನ ಬಾಯನ್ನು ಸುಟ್ಟುಕೊಂಡಳು.

ಆ ಹಳದಿಯ ಕಾರಣ ತಿಳಿದರೆ ಮಾತಾಡಿದವರಿಗೂ ನಾಚಿಕೆಯಾಗಬಹುದು. ಎನಾಮಲ್ ಗಾಜಿನಂತೆ ಅರೆಪಾರದರ್ಶಕ. ಅದರ ಕೆಳಗಿನ ಡೆಂಟಿನ್ ಹುಟ್ಟಿನಿಂದಲೇ ಹಳದಿ. ನಮಗೆ ಕಾಣುವ ಬಣ್ಣ ಆ ಗಾಜಿನ ಮೂಲಕ ತೋರುವ ಒಳಗಿನ ಬಣ್ಣ. ವಯಸ್ಸಾದಂತೆ ಎನಾಮಲ್ ಸವೆದು ತೆಳುವಾಗುತ್ತದೆ, ಡೆಂಟಿನ್ ದಪ್ಪವಾಗುತ್ತ ಹೋಗುತ್ತದೆ; ಬಣ್ಣ ಕಡುವಾಗುತ್ತದೆ. ನಿಜವಾಗಿ ಬೆಳ್ಳಗಿರುವುದು ಹಾಲುಹಲ್ಲು. ಏಳೆಂಟು ವರ್ಷದ ಮಗುವಿಗೆ ಎರಡನೆಯ ಹಲ್ಲು ಬಂದಾಗ, "ಅಯ್ಯೋ, ಹಳದಿ ಹಲ್ಲು ಬಂತಲ್ಲ" ಎಂದು ತಾಯಂದಿರು ಗಾಬರಿಯಾಗುವುದುಂಟು. ಪಕ್ಕದಲ್ಲಿರುವ ಹಾಲುಹಲ್ಲಿನ ಎದುರಿಗೆ ಅದು ಹಾಗೆ ತೋರುತ್ತದೆ, ಅಷ್ಟೆ. ಭಾಷೆಯ ಕಡೆಯಿಂದಲೂ ಇದು ರಮ್ಯವಾಗಿದೆ. ಹಳಗನ್ನಡದ 'ಪಾಲ್' 'ಪಲ್' ಎರಡೂ ಪಕಾರ ಹಕಾರವಾಗಿ 'ಹಾಲು' 'ಹಲ್ಲು' ಆದುವು. ಎರಡೂ ಕೂಡಿ ನಿಂತ 'ಹಾಲುಹಲ್ಲು' ಎಂಬ ಒಂದೇ ಮಾತಿನಲ್ಲಿ ಹಲ್ಲಿಗೆ ಹಾಲಿನ ಬಿಳುಪು ಸಂದಿತು. ಸಂಸ್ಕೃತದಲ್ಲಿ ಹಲ್ಲಿಗೆ 'ದ್ವಿಜ' ಎಂದೂ ಹೆಸರು. ಎರಡು ಸಾರಿ ಹುಟ್ಟುತ್ತದೆ, ಮೂರನೆಯ ಸಾರಿ ಇಲ್ಲ. ಎನಾಮಲಿನಲ್ಲಿ ಜೀವಕೋಶಗಳಿಲ್ಲ, ಕಳೆದುಹೋದ ಎನಾಮಲನ್ನು ದೇಹ ಮತ್ತೆ ಕಟ್ಟಲಾರದು.

ಇನ್ನು ಪೆರಾಕ್ಸೈಡಿನಿಂದ ಆಗದ ಕೆಲಸಗಳೂ ಇವೆ. ತುಂಬಿಸಿದ ಸಿಮೆಂಟು, ತೊಡಿಸಿದ ಕಟ್ಟುಹಲ್ಲು ಇದಕ್ಕೆ ಜಗ್ಗುವುದಿಲ್ಲ. ಸುತ್ತಲಿನ ಹಲ್ಲು ಬಿಳಿಯಾಗಿ ಇವು ಹಳೆಯ ಬಣ್ಣದಲ್ಲಿಯೇ ಉಳಿದು ತೇಪೆಯಂತೆ ತೋರುತ್ತವೆ. ಪಾವಗಡ, ಮುಂಡರಗಿಗಳಂಥ ಕಡೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ, ಹಲ್ಲು ಬೆಳೆಯುವ ಕಾಲದಲ್ಲಿಯೇ ಮಚ್ಚೆ ಬೀಳುತ್ತದೆ. ಶೀಸೆಯ ದ್ರಾವಣದಿಂದ ಅದು ಅಳಿಸಿಹೋಗದು. ಎಲೆಯಡಿಕೆಯ ಕೆಂಪು ಹಲ್ಲಿನ ಮೇಲಿನ ಕೊಳೆ. ವೈದ್ಯರು ಒಮ್ಮೆ ಕೆರೆದು ಶುಚಿಮಾಡಿದರೆ ಹೋಗುತ್ತದೆ. ಆದರೆ ಅಡಿಕೆ ಬಾಯಿಯ ಕ್ಯಾನ್ಸರಿಗೆ ಕಾರಣವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ವಿಭಾಗ ಸಾರಿರುವುದರಿಂದ, ಅಡಿಕೆ ಜಗಿಯುವವರು ಬಣ್ಣಕ್ಕಿಂತ ಮೊದಲು ಬಾಯಿಯೊಳಗಿನ ಬಿಳಿಮಚ್ಚೆ, ಮಾಯದ ಹುಣ್ಣುಗಳನ್ನು ತೋರಿಸಿಕೊಳ್ಳುವುದು ಅವಶ್ಯ. ಪೆರಾಕ್ಸೈಡಿನಿಂದ ದೀರ್ಘಕಾಲ ಬಾಯಿ ಮುಕ್ಕಳಿಸಿದವರಿಗೆ ನಾಲಿಗೆಯ ಮೇಲಿನ ಅಂಕುರಗಳು ಬೆಳೆದು ನಾಲಿಗೆ ಕೂದಲು ಬಂದಂತೆ ಕಪ್ಪಾಗಿ ತೋರುವುದೂ ಉಂಟು. ಹಲ್ಲು ಬೆಳ್ಳಗಾಗಲೆಂದು ಹೊರಟು ನಾಲಿಗೆಯನ್ನು ಕಪ್ಪು ಮಾಡಿಕೊಂಡರೆ ಯಾರಿಗೆ ಹೇಳೋಣ!

ನಿಂಬೆಹಣ್ಣನ್ನು ಉಜ್ಜುವವರದು ಇನ್ನೊಂದು ಗುಂಪು. ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣಿನಿಂದ ಬೆಳಗಿದರೆ ಥಳಥಳಿಸುವುದನ್ನು ಕಂಡು ಹಲ್ಲನ್ನೂ ಹಾಗೆಯೇ ಬೆಳಗಬಹುದೆಂದು ಭಾವಿಸುತ್ತಾರೆ. ಬಿಂದಿಗೆ ಹೊಳೆಯುವುದು ಮೇಲಿನ ಪದರವನ್ನು ಹುಳಿ ಕರಗಿಸಿದ್ದರಿಂದ. ಹಲ್ಲಿನಲ್ಲಿಯೂ ಹುಳಿ ಪದರವನ್ನೇ ಕರಗಿಸುತ್ತದೆ. ಆದರೆ ಬಿಂದಿಗೆಗೆ ಕಂಚುಗಾರನಿದ್ದಾನೆ, ಎನಾಮಲಿಗೆ ಯಾರೂ ಇಲ್ಲ. ಗಾಜು ತೆಳುವಾದಂತೆ ಒಳಗಿನ ಹಳದಿ ಇನ್ನಷ್ಟು ಎದ್ದು ತೋರುವುದೇ ಕೊನೆಯ ಫಲ.

ಬಿಳಿಹಲ್ಲೇ ಚೆಲುವೆಂಬುದು ಎಲ್ಲ ಕಾಲಕ್ಕೂ ಎಲ್ಲ ದೇಶಕ್ಕೂ ಒಪ್ಪಿಗೆಯಾದ ಮಾತೂ ಅಲ್ಲ. ಜಪಾನಿನಲ್ಲಿ ಮದುವೆಯಾದ ಹೆಂಗಸರೂ ಸಿರಿವಂತ ಮನೆತನದವರೂ ಕಬ್ಬಿಣದ ದ್ರಾವಣದಿಂದ ಹಲ್ಲನ್ನು ಕಾಡಿಗೆಯಂತೆ ಕಪ್ಪು ಮಾಡಿಕೊಳ್ಳುತ್ತಿದ್ದರು. 1870ರಲ್ಲಿ ಸರ್ಕಾರ ಶ್ರೀಮಂತವರ್ಗಕ್ಕೆ ಅದನ್ನು ನಿಷೇಧಿಸಿತು. 1873ರಲ್ಲಿ ಸಾಮ್ರಾಜ್ಞಿಯೇ ಬಿಳಿಹಲ್ಲಿನಲ್ಲಿ ಕಾಣಿಸಿಕೊಂಡ ಮೇಲೆ ಪದ್ಧತಿ ಮೆಲ್ಲನೆ ಕಳೆಯಿತು. ನಮ್ಮ ದಖ್ಖನಿನಲ್ಲಿಯೂ ಮಿಸ್ಸಿ ಎಂಬ ಪುಡಿಯಿಂದ ಹಲ್ಲನ್ನು ಕಪ್ಪಾಗಿಸಿಕೊಳ್ಳುವುದು ಒಂದು ಕಾಲದ ಶೃಂಗಾರ. ತಾಂಬೂಲದ ಕೆಂಪು ಕೂಡ ಹಿಂದೆ ನಮ್ಮಲ್ಲಿ ಸೌಭಾಗ್ಯದ ಗುರುತಾಗಿತ್ತೇ ಹೊರತು ಕೊಳೆಯೆನಿಸಿರಲಿಲ್ಲ. ಇಂದು ಪರದೆಯ ಮೇಲಿನ ನಟನಟಿಯರ ಹಲ್ಲು ನಮಗೆ ಪ್ರಮಾಣವಾಗಿದೆ. ಅವುಗಳಲ್ಲಿ ಎಷ್ಟೋ ಪಿಂಗಾಣಿಯ ತೊಡವುಗಳೆಂಬುದನ್ನು ಬಡಪಾಯಿ ಪ್ರೇಕ್ಷಕ ಬಲ್ಲನೆ?

ಹಲ್ಲು ಬಿಳುಪಾಗಬೇಕೆಂಬ ಆಸೆ ತಪ್ಪೆಂದು ನಾನು ಹೇಳಲಾರೆ. ಆ ಆಸೆಯುಳ್ಳವರು ದಂತವೈದ್ಯರ ಬಾಗಿಲಿಗೆ ಹೋಗಲಿ. ನಂಜನಗೂಡಿನಿಂದ ಮೈಸೂರು ಇಪ್ಪತ್ತಮೂರು ಇಪ್ಪತ್ತನಾಲ್ಕು ಕಿಲೋಮೀಟರು. ನರಸೀಪುರದಿಂದ ಮೂವತ್ತರ ಆಸುಪಾಸು. ನಂಜನಗೂಡು ತಾಲ್ಲೂಕಿನದೇ ಆದ ಸುತ್ತೂರು ಮಠದ ವಿದ್ಯಾಪೀಠ 1986ರಿಂದ ಮೈಸೂರಿನಲ್ಲಿ ದಂತ ವೈದ್ಯಕೀಯ ಕಾಲೇಜನ್ನೂ ಆಸ್ಪತ್ರೆಯನ್ನೂ ನಡೆಸುತ್ತಿದೆ. ಮೊದಲು ಹುಳುಕಿದ್ದರೆ ತುಂಬಿಸಿಕೊಂಡು, ಗಾರೆಯಿದ್ದರೆ ಕೆರೆಸಿಕೊಂಡು, ಆಮೇಲೂ ಬೇಕೆನಿಸಿದರೆ ಬಿಳುಪಿನ ಮಾತನ್ನು ಎತ್ತಬಹುದು. ಅನೇಕರಿಗೆ ಎರಡನೆಯ ಹಂತದಲ್ಲಿಯೇ ಆಸೆ ತೀರುತ್ತದೆ. ದಿನಕ್ಕೆ ಎರಡು ಸಾರಿ ಮೆತುವಾದ ಬ್ರಷ್ಷು, ಫ್ಲೋರೈಡ್ ಇರುವ ಪೇಸ್ಟು, ಊಟವಾದ ಮೇಲೆ ಬಾಯಿ ಮುಕ್ಕಳಿಸುವುದು: ಸುಲಿಪಲ್ಲಿಗೆ ಇಷ್ಟು ಸಾಕು. ಶೀಸೆ ಮನೆಯಲ್ಲಿದ್ದರೆ ಮಕ್ಕಳ ಕೈಗೆ ಎಟುಕದಂತೆ ಗಾಯದ ಔಷಧಿಗಳ ಜೊತೆಯಲ್ಲಿಯೇ ಇರಲಿ.

ಅಧ್ಯಾಪಕರಿಗೂ ತಂದೆತಾಯಿಗಳಿಗೂ ಒಂದು ಮಾತು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಮಗುವನ್ನು ಕಂಡರೆ ಕಾರಣವನ್ನು ಕೇಳಿರಿ. ಹೇಳಿಕೊಳ್ಳಲು ಜಾಗವಿಲ್ಲದ ಸಂಕೋಚವೇ ಅವರನ್ನು ಶೀಸೆಯ ಬಳಿಗೆ ಕಳುಹಿಸುವುದು. ಹೆಣ್ಣು ನೋಡಲು ಹೋಗುವವರು ಹಲ್ಲಿನ ಬಣ್ಣವನ್ನು ಹಸುವಿನ ಸಂತೆಯಲ್ಲಿ ನೋಡಿದಂತೆ ನೋಡದಿರಲಿ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎಂಬ ಗಾದೆ ಬಡತನದ ಕಾಲದ್ದು. ನಮ್ಮ ಮಕ್ಕಳಿಗೆ ಈಗ ಕಡಲೆಯೂ ಇದೆ, ಹಲ್ಲೂ ಇದೆ. ಅರುವತ್ತು ವರ್ಷ ಅಗಿಯಬೇಕಾದ ಹಲ್ಲು ಅದು. ಸ್ವಲ್ಪ ಹಳದಿಯಾಗಿದ್ದರೂ ಕಡಲೆ ಅದನ್ನು ಗಮನಿಸುವುದಿಲ್ಲ.